ಅರುವತ್ತೆಳೆ

ಓಡುವುದಕ್ಕೆ ಏನೂ ತಕರಾರಿರಲಿಲ್ಲ ನನ್ನ ಜೀಪಿಗೆ,
ನಿಲ್ಲಲು ಬರುತ್ತಿರಲಿಲ್ಲ.
ಶಿಡ್ಲಘಟ್ಟದ ರೈಲ್ವೆ ಗೇಟು ಬಿದ್ದರೆ ಸಾಕು,
ಎರಡು ಸಲ ಕೆಮ್ಮಿ, ಒಮ್ಮೆ ಮೈಯೆಲ್ಲ ನಡುಗಿ
ತಣ್ಣಗಾಗುತ್ತಿತ್ತು.
ಬೆನ್ನ ಮೇಲೆ ಹನ್ನೆರಡು ಮೂಟೆ ರೇಷ್ಮೆಗೂಡು,
ಅದರ ಹಿಂದೆ ಊರಿನ ಅಷ್ಟೂ ಹಾರನ್ನು.

‘ಸ್ಲೋ ಜೆಟ್ ಹೋಗಿದೆ, ಹೊಸದು ಸಿಕ್ಕಲ್ಲ’ ಅಂದರು ಮೌನಾಚಾರಿ.
ಮೌನ ಹೆಸರಿನಲ್ಲಿ ಮಾತ್ರ.
ಹಳೇ ಪಂಚಾಂಗದ ಹಾಳೆ ಹಾಸಿ
ಕಾರ್ಬೊರೇಟರನ್ನು ಬಿಚ್ಚಿ ಹರಡಿ
ಒಂದೊಂದನ್ನೂ ಎತ್ತಿ ಬೈದರು.
ಫ್ಲೋಟಿಗೆ: ‘ಹೊಟ್ಟೆ ತುಂಬ ಪೆಟ್ರೋಲು ಕುಡಿದು
ತೇಲ್ತೀನಿ ಅಂತೀಯಲ್ಲೋ!’
ಬಿಸಿನೀರಿಗೆ ಅದ್ದಿದರೆ ಸಾಸಿವೆಯಂಥ ಗುಳ್ಳೆಗಳು
ಸಾಲಾಗಿ ಎದ್ದು ತೂತಿನ ಗುಟ್ಟು ಹೇಳಿಬಿಟ್ಟವು.
ಒಂದು ಹನಿ ಬೆಸುಗೆ.
ಬೆಸುಗೆಗೂ ಭಾರವಿದೆಯಲ್ಲ, ಅಷ್ಟನ್ನು
ಇನ್ನೊಂದು ಬದಿಯಿಂದ ಅರದಲ್ಲಿ ಕೆರೆದು
ಅಪ್ಪನ ಕಾಲದ ಚಿನ್ನದ ತಕ್ಕಡಿಯಲ್ಲಿ
ಗುಲಗಂಜಿ ಇಟ್ಟು ತೂಗಿದರು.

ಪಂಪಿನ ವಾಷರಿಗೆ ಒಳ್ಳೇ ತೊಗಲು ಬೇಕಿತ್ತು.
ನನ್ನ ಎಡಗಾಲು ನೋಡಿದರು.
ನಾನು ಕಾಲು ಹಿಂದಕ್ಕೆಳೆದುಕೊಂಡೆ.
ರಾತ್ರಿಯೆಲ್ಲ ಹರಳೆಣ್ಣೆಯಲ್ಲಿ ನೆನೆಯಿತು
ನನ್ನ ಚಪ್ಪಲಿಯ ಪಟ್ಟಿ.

ಜೆಟ್ ಮಾತ್ರ ಒಲಿಯಲಿಲ್ಲ.
ಸೀಮೆಎಣ್ಣೆ ಸ್ಟೋವಿನ ಹಿತ್ತಾಳೆ ಕಡ್ಡಿ ಕೊಯ್ದು
ಪುಟ್ಟ ಲೇತಿನಲ್ಲಿ ತಿರುಗಿಸಿ ಮರೆ ಹಾಕಿ,
ಹೊಲಿಗೆ ಸೂಜಿಯ ಮೂತಿ ಚಪ್ಪಟೆ ಬಡಿದು, ಮಸೆದು
ಅದನ್ನೇ ಬೈರಿಗೆ ಮಾಡಿಕೊಂಡು ಕೂತರು.
ಮೊದಲನೆಯದರ ತೂತು ದೊಡ್ಡದು;
ಕರೀ ಹೊಗೆಗೆ ಟೀ ಅಂಗಡಿಯವನು ಪಾತ್ರೆ ಮುಚ್ಚಿ ಶಾಪ ಹಾಕಿದ.
ಎರಡನೆಯದರೊಳಗೆ ಸೂಜಿ ಮುರಿದು ಅಲ್ಲೇ ಉಳಿಯಿತು.
ಮೂರನೆಯದಕ್ಕೆ ಮೆಳ್ಳೆಗಣ್ಣು.
ನಾಲ್ಕನೆಯದನ್ನು ಬೆಳಕಿಗೆ ಹಿಡಿದು,
ಉಸಿರು ಬಿಗಿಹಿಡಿದು, ‘ಸಣ್ಣದಾಯ್ತು’ ಅಂದರು.
ಎಷ್ಟು ಸಣ್ಣ?
ಅದನ್ನಳೆಯುವ ಕೋಲು ಅವರಲ್ಲಿರಲಿಲ್ಲ.

ಪಕ್ಕದ ಶೆಡ್ಡಿನಿಂದ ಖಾತೂನ್‌ಬಿ ಬಂದಳು,
ಕುದಿನೀರಿನಲ್ಲಿ ನೂಲು ಬಿಚ್ಚಿ ಬಿಳುಚಿದ ಬೆರಳು,
ಸೆರಗಿಗೆ ಹುಳದ ವಾಸನೆ.
‘ಬೆಳಗಿಂದ ಒಂದು ತೂತಿಗೆ ಇಬ್ಬರು ಗಂಡಸರು!
ತೂತು ಬಿದ್ದ ಗೂಡು ನಮಗೆ ಬೇಡ,
ತೂತು ಬೀಳದ ಹಿತ್ತಾಳೆ ನಿಮಗೆ ಬೇಡ.
ಕೊಡಿ ಇಲ್ಲಿ.’
ಕಚ್ಚಾ ರೇಷ್ಮೆಯ ಎಳೆ ಎಣಿಸತೊಡಗಿದಳು, ತುಟಿಯಲ್ಲೇ.
ನಲವತ್ತು ಸೇರಿಸಿ ಹುರಿ ಹೊಸೆದಳು, ದಾಟಿತು.
ಐವತ್ತು. ತಿಣುಕಿತು.
ಹುರಿಗೆ ಬ್ರಾಸೊ ಸವರಿ
ಆಚೆ ತುದಿ ಆಚಾರಿ, ಈಚೆ ತುದಿ ತಾನು
ಎಳೆದರು, ಬಿಟ್ಟರು, ಎಳೆದರು,
ಮಾತಿಲ್ಲದೆ, ಇಳಿಮಧ್ಯಾಹ್ನದವರೆಗೆ.
ಅರುವತ್ತೆಳೆ ಸಲೀಸಾಗಿ ಹೋದಾಗ
ಹಳೇ ಜೆಟ್ಟಿನಲ್ಲೂ ಅದೇ ಹುರಿ ಹಾಯಿಸಿ ನೋಡಿದಳು.
ಅದು ಸವೆದು ಎಪ್ಪತ್ತಕ್ಕೂ ಬಾಯಿ ತೆರೆದಿತ್ತು.
‘ಇದಕ್ಕೇನು ನಂಬರ್ ಹೊಡೆಯಲಿ?’ ಅಂದರು ಆಚಾರಿ.
ಅವಳು ಆಗಲೇ ತನ್ನ ಒಲೆಯ ಕಡೆ ಹೊರಟಿದ್ದಳು.

ಕೂರಿಸಿ, ಬಿಗಿದು, ಕೀಲಿ ತಿರುಗಿಸಿದೆ.
ಬಾನೆಟ್ಟಿನ ಮೇಲೆ ಟೀ ಲೋಟ ಇಟ್ಟರು.
ಟೀ ಉಂಗುರ ಉಂಗುರವಾಗಿ ನಡುಗಿತು,
ತುಳುಕಲಿಲ್ಲ.
ಮೌನಾಚಾರಿ ಅವತ್ತು ಮೊದಲ ಸಲ
ಹೆಸರಿಗೆ ತಕ್ಕಂತೆ ಇದ್ದರು.

ಸಂಜೆ ಗೇಟು ಬಿತ್ತು. ನಾನು ನಿಂತೆ, ಜೀಪೂ ನಿಂತಿತು,
ಗುರ್ ಗುರ್ ಎಂದು, ಮಲಗಿದ ಬೆಕ್ಕಿನ ಹಾಗೆ.
ಹಿಂದಿನವರು ಹಾರನ್ ಮರೆತರು.
ರೈಲು ಬಂತು, ನಿಧಾನ, ಹೋಯಿತು.
ಗೇಟು ಏಳುವ ಹೊತ್ತಿಗೆ ಸರಿಯಾಗಿ
ಕೆಮ್ಮದೆ, ನಡುಗದೆ
ಸುಮ್ಮನೆ ಆರಿತು.

ಪೆಟ್ರೋಲು ಹಾಕಿಸಿರಲಿಲ್ಲ.

ಕ್ಯಾನು ಹಿಡಿದು, ಒಂದು ಕಾಲು ಬಿಸಿ ಟಾರಿಗೆ ಕೊಟ್ಟು
ಕುಂಟುತ್ತ ಬಂಕಿಗೆ ನಡೆದೆ.
‘ಇನ್ನೊಂದು ಚಪ್ಪಲಿ ಎಲ್ಲಣ್ಣ?’ ಅಂದ ಹುಡುಗ.
‘ಎಂಜಿನ್ನಿನೊಳಗೆ’ ಅಂದೆ.